ಬಡಾವಣೆಯ ಹಾಡುವ ತಂಡ: ಸೇರುವವರೂ ಕಟ್ಟುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಬಡಾವಣೆಗೊಂದು ಹಾಡುವ ತಂಡ ಇರಬೇಕು ಎಂಬುದು ನನ್ನ ಆಸೆ. ಸ್ಪರ್ಧೆಗೆಂದು ಕಟ್ಟಿದ ತಂಡವಲ್ಲ. ವಾರಕ್ಕೊಮ್ಮೆ ಸೇರಿ, ಬಂದವರನ್ನೆಲ್ಲ ಕೂರಿಸಿಕೊಂಡು, ಒಂದೇ ಶ್ರುತಿಯಲ್ಲಿ ಹಾಡಿ ಮನೆಗೆ ಹೋಗುವ ತಂಡ. ಕಲಬುರಗಿಯಲ್ಲಿ ಅಂಥದ್ದೊಂದು ತಂಡವನ್ನು ನಡೆಸುತ್ತಾ ಬಂದಿದ್ದೇನೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲ ಕೆಲವು ಪ್ರಶ್ನೆಗಳು ಸೇರಬೇಕೆನ್ನುವವರಿಗೆ, ಉಳಿದದ್ದು ನಡೆಸಬೇಕೆನ್ನುವವರಿಗೆ.

ನನಗೆ ಹಾಡಲು ಬರುವುದಿಲ್ಲ. ಆದರೂ ಸೇರಬಹುದೇ?

ಖಂಡಿತ ಸೇರಬಹುದು. ಬಾಗಿಲಲ್ಲಿ ನಿಂತು "ನನಗ ಹಾಡ್ಲಾಕ ಬರಲ್ರಿ" ಎನ್ನುವವರೇ ಜಾಸ್ತಿ. ಕೂರಿಸಿ ಮಾತಾಡಿಸಿದರೆ ಬೇರೆಯದೇ ಗೊತ್ತಾಗುತ್ತದೆ. ಮೊಮ್ಮಗುವಿಗೆ ತೊಟ್ಟಿಲ ಪದ ಹಾಡಿರುತ್ತಾರೆ. ಶ್ರಾವಣದಲ್ಲಿ ಗುಡಿಯ ಭಜನೆಗೆ ದನಿಗೂಡಿಸಿರುತ್ತಾರೆ. ಮೊಹರಂನಲ್ಲಿ ರಿವಾಯತ್ ಪದಕ್ಕೆ ಹೆಜ್ಜೆ ಹಾಕಿರುತ್ತಾರೆ. ನಮ್ಮ ಕಡೆ ಹಾಡದೇ ಬೆಳೆದವರು ಸಿಗುವುದು ಕಷ್ಟ. ಅದನ್ನು ಅವರು "ಹಾಡುವುದು" ಎಂದು ಲೆಕ್ಕಕ್ಕೆ ಹಿಡಿದಿರುವುದಿಲ್ಲ ಅಷ್ಟೇ.

ಶ್ರುತಿ ಹಿಡಿಯಲು ನಿಜವಾಗಿಯೂ ಕಷ್ಟಪಡುವವರು ಇದ್ದಾರೆ. ಅವರಿಗೆ ಒಂದು ಉಪಾಯವಿದೆ. ಪೇಟಿಯ (ಹಾರ್ಮೋನಿಯಂ) ಸ್ವರ ಕೊಟ್ಟು "ಇದನ್ನು ಹಿಡಿಯಿರಿ" ಎನ್ನಬೇಡಿ. ಅವರಿಗೆ ಬಂದ ಸ್ವರದಲ್ಲಿ ಸುಮ್ನೆ "ಆ" ಎನ್ನಲು ಹೇಳಿ. ಕಲಿಸುವವರು ಆ ಸ್ವರಕ್ಕೆ ತಮ್ಮ ದನಿಯನ್ನು ಕೂಡಿಸಬೇಕು. ಎರಡು ದನಿ ಕೂಡಿದಾಗ ಹೇಗೆ ಕೇಳಿಸುತ್ತದೆ ಎಂಬುದು ಅವರ ಕಿವಿಗೆ ಬೀಳಲಿ. ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ, ಕೆಳಕ್ಕೆ ಜೊತೆಯಾಗಿ ಸರಿಯಬೇಕು. ಕೆಲವರಿಗೆ ನಾಲ್ಕಾರು ವಾರ ಸಾಕು, ಕೆಲವರಿಗೆ ವರ್ಷ ಬೇಕು. ಅಲ್ಲಿಯವರೆಗೂ ಅವರು ತಂಡದವರೇ.

ಸೇರುವ ಮುಂಚೆ ಹಾಡಿ ತೋರಿಸಬೇಕೇ?

ಬೇಡ. ಯಾವ ತಂಡವೂ ಹಾಗೆ ಕೇಳಬಾರದು ಎಂದೇ ನನ್ನ ಅಭಿಪ್ರಾಯ. ಹತ್ತು ಜನರ ಎದುರು ಒಂಟಿಯಾಗಿ ಹಾಡಿಸಿದರೆ, ಹಾಡಲು ಬಂದವರು ಹೆದರಿ ವಾಪಸು ಹೋಗುತ್ತಾರೆ. ಅದರಲ್ಲೂ ವಯಸ್ಸಾದ ಹೆಂಗಸರು ಮತ್ತೊಮ್ಮೆ ಬರುವುದಿಲ್ಲ.

ಓದಲು ಬರುವುದಿಲ್ಲ, ಸ್ವರವೂ ಗೊತ್ತಿಲ್ಲ. ಪರವಾಗಿಲ್ಲವೇ?

ಪರವಾಗಿಲ್ಲ. ಒಬ್ಬರು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಭಜನೆ ಕಲಿತದ್ದೂ ಹೀಗೆಯೇ ಅಲ್ವಾ? ಓದು ಬಾರದ ಅವ್ವಂದಿರು ಸಾಹಿತ್ಯವನ್ನು ಬೇಗ ಬಾಯಿಪಾಠ ಮಾಡುತ್ತಾರೆ. ಹಾಳೆ ಹಿಡಿದವರು ತಿಂಗಳಾದರೂ ಹಾಳೆ ಬಿಡುವುದಿಲ್ಲ. ಸಾಹಿತ್ಯ ಅಚ್ಚು ಹಾಕಿಸುವುದಾದರೆ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಉರ್ದು, ಮರಾಠಿ, ತೆಲುಗು, ಲಂಬಾಣಿ ಹಾಡುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದು ಕೊಡಿ. ಉಚ್ಚಾರಣೆಯನ್ನು ಮಾತ್ರ ಆ ಭಾಷೆ ಮನೆಮಾತಾಗಿರುವವರೇ ತಿದ್ದಲಿ.

ಭಜನಾ ಮಂಡಳಿಗೂ ಇದಕ್ಕೂ ಏನು ವ್ಯತ್ಯಾಸ?

ಭಜನಾ ಮಂಡಳಿ ಒಂದು ಗುಡಿಗೆ, ಒಂದು ಮಠಕ್ಕೆ, ಒಂದು ಓಣಿಗೆ ಅಂಟಿಕೊಂಡಿರುತ್ತದೆ. ಹಾಡುವುದು ದೇವರಿಗಾಗಿ. ಚೆನ್ನಾಗಿ ಬರಲಿ, ಬಿಡಲಿ, ಏಕಾದಶಿಗೆ ಅಥವಾ ಸೋಮವಾರಕ್ಕೆ ಹಾಡು ನಡೆಯಲೇಬೇಕು. ಈ ಛಲವೇ ಅದರ ಶಕ್ತಿ. ಬಡಾವಣೆಯ ತಂಡಕ್ಕೆ ಅಂಥ ಹಂಗಿಲ್ಲ. ವಚನದ ಪಕ್ಕದಲ್ಲಿ ಭಾವಗೀತೆ, ಅದರ ಪಕ್ಕದಲ್ಲಿ ಬೀಸುವ ಪದ ಬರಬಹುದು. ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂರಬಹುದು. ಹಾಡನ್ನು ಹಿಡಿದು ತಿದ್ದಿ ತಿದ್ದಿ ಕಲಿಯುವುದಕ್ಕೂ ಇಲ್ಲಿ ಸಮಯವಿದೆ.

ನಿಮ್ಮ ಓಣಿಯಲ್ಲಿ ಮಂಡಳಿ ಇದ್ದರೆ ಅದನ್ನು ಬಿಟ್ಟು ಇಲ್ಲಿಗೆ ಬನ್ನಿ ಎಂದು ನಾನು ಎಂದೂ ಹೇಳುವುದಿಲ್ಲ. ಎರಡೂ ಕಡೆ ಹಾಡಿ. ಮಂಡಳಿಯಲ್ಲಿ ತಾಳ ಹಿಡಿದು ಪಳಗಿದವರು ತಂಡಕ್ಕೆ ಬಂದರೆ ಲಯದ ಚಿಂತೆಯೇ ಇರುವುದಿಲ್ಲ.

ಮನೆಯಲ್ಲಿ ಬಿಡುವುದಿಲ್ಲ. ಏನು ಮಾಡಲಿ?

ಇದನ್ನು ಹೆಚ್ಚಾಗಿ ಸೊಸೆಯಂದಿರು ಕೇಳುತ್ತಾರೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ ಎನ್ನುವುದು ನನ್ನ ಮೊದಲ ಸಲಹೆ. ಹಲವು ಮನೆಗಳಲ್ಲಿ ಅತ್ತೆಯೇ ಮುಂದೆ ಕೂತು ಹಾಡುತ್ತಾರೆ. ಚಿಕ್ಕ ಮಕ್ಕಳಿದ್ದರೆ ಅವರೂ ಬರಲಿ. ಮೂಲೆಯಲ್ಲಿ ಆಡುತ್ತಾ ಇರುತ್ತವೆ, ನಡುವೆ ಅಳುತ್ತವೆ, ತಂಡದವರು ಅದನ್ನು ಸಹಿಸಿಕೊಳ್ಳಬೇಕು. ನಡೆಸುವವರ ಜವಾಬ್ದಾರಿಯೂ ಒಂದಿದೆ: ಹೇಳಿದ ಹೊತ್ತಿಗೆ ಮುಗಿಸುವುದು. ಎಂಟಕ್ಕೆ ಬಿಡುತ್ತೇವೆ ಎಂದು ಒಂಬತ್ತರವರೆಗೆ ಕೂರಿಸಿದರೆ, ಮುಂದಿನ ವಾರ ಮನೆಯಿಂದ ಹೊರಡುವುದೇ ಕಷ್ಟವಾಗುತ್ತದೆ. ಅಡುಗೆ, ಮಕ್ಕಳ ಶಾಲೆ, ಕತ್ತಲಲ್ಲಿ ವಾಪಸು ಹೋಗುವ ದಾರಿ, ಇವುಗಳನ್ನೆಲ್ಲ ಲೆಕ್ಕ ಹಾಕಿಯೇ ಹೆಂಗಸರು ಬರುತ್ತಾರೆ.

ತಂಡ ಶುರು ಮಾಡಲು ಎಷ್ಟು ಜನ ಬೇಕು?

ಆರೇಳು ಜನ ಸಾಕು. ಹನ್ನೆರಡು ಮಂದಿ ಆದಾಗ ದನಿ ತುಂಬಿ ಬರುತ್ತದೆ. ಒಬ್ಬರು ಉಸಿರು ತೆಗೆದುಕೊಂಡಾಗ ಇನ್ನೊಬ್ಬರು ಸ್ವರ ಹಿಡಿದಿರುತ್ತಾರೆ, ಹಾಡು ಎಲ್ಲಿಯೂ ತುಂಡಾಗುವುದಿಲ್ಲ. ನಲವತ್ತು ಐವತ್ತು ಜನ ಆದರೆ ಇಬ್ಬರು ಕಲಿಸುವವರು ಬೇಕಾಗುತ್ತದೆ.

ಎಲ್ಲಿ ಸೇರುವುದು?

ಸರಕಾರಿ ಶಾಲೆಯ ಕೋಣೆ, ಬಡಾವಣೆಯ ಸಮುದಾಯ ಭವನ, ಮಠದ ಪಡಸಾಲೆ, ಯಾರದ್ದಾದರೂ ಮನೆಯ ಮಾಳಿಗೆ, ಯಾವುದಾದರೂ ಆದೀತು. ಬೇರೆ ಬೇರೆ ಧರ್ಮದವರು ಬರುವ ತಂಡವಾದರೆ ಶಾಲೆಯೇ ಒಳ್ಳೆಯದು. ಅಲ್ಲಿಗೆ ಯಾರೂ ಹಿಂಜರಿಯದೆ ಬರುತ್ತಾರೆ. ಕೋಣೆಗಾಗಿ ಮುಖ್ಯ ಗುರುಗಳನ್ನೂ ಎಸ್‌ಡಿಎಂಸಿಯವರನ್ನೂ (ಶಾಲೆಯ ಮೇಲುಸ್ತುವಾರಿ ಸಮಿತಿ) ಬರವಣಿಗೆಯಲ್ಲಿ ಕೇಳಿ. ಬದಲಿಗೆ ರಾಷ್ಟ್ರೀಯ ಹಬ್ಬಗಳಿಗೆ ಶಾಲೆಯ ಮಕ್ಕಳಿಗೆ ಹಾಡು ಕಲಿಸಿಕೊಡುತ್ತೇವೆ ಎಂದರೆ ಅವರಿಗೂ ಖುಷಿ.

ಕೋಣೆ ನೋಡುವಾಗ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ನಮ್ಮ ಕಡೆ ಕೆಳಗೆ ಶಹಾಬಾದ್ ಫರಸಿ, ಮೇಲೆ ಕಾಂಕ್ರೀಟ್ ಛತ್ತು, ಸುತ್ತ ಬರಿ ಗೋಡೆ. ದನಿ ಹೊಡೆದು ಹೊಡೆದು ವಾಪಸು ಬರುತ್ತದೆ. ಗುಂಯ್ ಎನ್ನುವ ಕೋಣೆಯಲ್ಲಿ ಎಲ್ಲರಿಗೂ ತಾವು ಚೆನ್ನಾಗಿ ಹಾಡುತ್ತಿದ್ದೇವೆ ಎನಿಸುತ್ತದೆ, ಆದರೆ ಮಾತು ಒಂದೂ ಸ್ಪಷ್ಟವಾಗಿ ಕೇಳುವುದಿಲ್ಲ. ದಪ್ಪ ಜಮಖಾನೆ ಹಾಸಿ, ಕಿಟಕಿ ತೆರೆಯಿರಿ. ಗೋಡೆಗೆ ಒಂದೆರಡು ಕೌದಿ ತೂಗುಹಾಕಿದರೆ ಗುಂಯ್‌ಗುಟ್ಟುವುದು ಬಹಳಷ್ಟು ಕಡಿಮೆಯಾಗುತ್ತದೆ.

ಯಾವ ಹೊತ್ತು ಒಳ್ಳೆಯದು? ಬೇಸಿಗೆಯಲ್ಲಿ ಏನು ಮಾಡುವುದು?

ವಾರದಲ್ಲಿ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಈ ಮೂರನ್ನು ಬದಲಿಸಬೇಡಿ. ಇಬ್ಬರೇ ಬಂದರೂ ಹಾಡಿ. "ಇವತ್ತು ಇದೆಯೋ ಇಲ್ಲವೋ" ಎಂದು ಫೋನ್ ಮಾಡಿ ಕೇಳುವ ಸ್ಥಿತಿ ಬಂದರೆ ತಂಡ ಸಡಿಲವಾಗುತ್ತಿದೆ ಎಂದೇ ಅರ್ಥ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಕಲಬುರಗಿ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೌಕರರು ಬೇಗ ಮನೆಗೆ ಬರುತ್ತಾರೆ ಎಂದು ಮಧ್ಯಾಹ್ನ ಅಭ್ಯಾಸ ಇಟ್ಟುಕೊಳ್ಳಬೇಡಿ. ಬಿಸಿಲಲ್ಲಿ ಬಂದ ಗಂಟಲು ಒಣಗಿರುತ್ತದೆ, ಮೇಲಿನ ಸ್ವರ ಹತ್ತುವುದಿಲ್ಲ. ಬೆಳಗಿನ ಆರೂವರೆ ಅಥವಾ ಸಂಜೆ ಏಳರ ಮೇಲೆ ಮಾಳಿಗೆಯಲ್ಲಿ ಕೂತರೆ ಹಿತ. ಒಂದು ಗಡಿಗೆ ನೀರು ಪಕ್ಕದಲ್ಲೇ ಇರಲಿ. ಮದುವೆ, ಜಾತ್ರೆಗಳ ಕಾಲವೂ ಅದೇ. ಜನ ಕಡಿಮೆ ಬರುತ್ತಾರೆ. ಆಗ ಹೊಸ ಹಾಡು ಎತ್ತಿಕೊಳ್ಳದೆ ಹಳೆಯದನ್ನೇ ತಿರುವಿ ಹಾಕಿ.

ಒಂದು ದಿನದ ಅಭ್ಯಾಸ ಹೇಗೆ ನಡೆಯಬೇಕು?

ಒಂದೂವರೆ ಗಂಟೆ ಸಾಕು. ಮೊದಲ ಹತ್ತು ನಿಮಿಷ ಬರೀ ಷಡ್ಜ, ಅಂದರೆ "ಸ" ಸ್ವರ. ತಂಬೂರಿ ಹಾಕಿ, ಎಲ್ಲರೂ "ಆ" ಎನ್ನುತ್ತಾ ಅದೇ ಸ್ವರವನ್ನು ಹಿಡಿದಿರಬೇಕು. ಮೊಬೈಲಿನ ತಂಬೂರಿ ಆಪ್ ಇದಕ್ಕೆ ಸಾಕು. ಮೊದಮೊದಲು ಇದು ಬೇಸರ ತರಿಸಬಹುದು. ಆದರೆ ತಂಡದ ದನಿ ಒಂದಾಗುವುದು ಈ ಹತ್ತು ನಿಮಿಷದಲ್ಲೇ. ಪಕ್ಕದವರ ದನಿ ನಿಮಗೆ ಕೇಳಿಸದಿದ್ದರೆ ನೀವು ಜೋರಾಗಿ ಹಾಡುತ್ತಿದ್ದೀರಿ ಎಂದು ತಿಳಿದುಕೊಳ್ಳಿ.

ಆಮೇಲೆ ಎಲ್ಲರಿಗೂ ಬರುವ ಒಂದು ಹಾಡು. ಅಷ್ಟರಲ್ಲಿ ತಡವಾಗಿ ಬರುವವರೂ ಬಂದು ಕೂತಿರುತ್ತಾರೆ. ನಂತರ ಹೊಸ ಹಾಡು. ಮೊದಲು ಪೇಟಿ ಮುಟ್ಟದೆ ಸಾಹಿತ್ಯವನ್ನು ಗಟ್ಟಿಯಾಗಿ ಓದಿಸಿ. ಅರ್ಥ ಕೇಳಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಗುರುತು ಹಾಕಿಸಿ. ಇಲ್ಲದಿದ್ದರೆ ಪದದ ನಡುವೆಯೇ ಉಸಿರು ತೆಗೆದು ಅರ್ಥ ಕೆಡಿಸುತ್ತಾರೆ. ಬಳಿಕ ಕಲಿಸುವವರು ಒಂದು ಸಾಲು ಹಾಡಬೇಕು, ತಂಡ ಅದನ್ನೇ ಹೇಳಬೇಕು. ತಂಡ ಹಾಡುವಾಗ ಕಲಿಸುವವರು ಸುಮ್ಮನಿರಬೇಕು. ಇದು ತುಂಬಾ ಮುಖ್ಯ. ಅವರೂ ಜೊತೆಗೆ ಹಾಡಿದರೆ ತಪ್ಪು ಎಲ್ಲಿದೆ ಎಂದು ಅವರಿಗೇ ಕೇಳಿಸುವುದಿಲ್ಲ. ತಂಡವೂ ಅವರ ದನಿಗೆ ಜೋತುಬಿದ್ದು, ಅವರು ಬಾರದ ದಿನ ಹಾಡು ನಿಂತುಹೋಗುತ್ತದೆ.

ಕೊನೆಯಲ್ಲಿ ಮತ್ತೊಂದು ಬರುವ ಹಾಡನ್ನು, ಏನನ್ನೂ ತಿದ್ದದೆ, ಮನಸ್ಸು ಬಿಚ್ಚಿ ಹಾಡಿಸಿ ಕಳಿಸಿ.

ಹೆಂಗಸರು, ಗಂಡಸರು ಒಟ್ಟಿಗೆ ಹಾಡುವಾಗ ಶ್ರುತಿ ಯಾವುದು ಇಟ್ಟುಕೊಳ್ಳಬೇಕು?

ಹೊಸ ತಂಡಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೇಟಿಯಲ್ಲಿ ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಒಂದು ಸಪ್ತಕಕ್ಕೆ, ಅಂದರೆ "ಸ"ದಿಂದ "ನಿ"ವರೆಗಿನ ಒಂದು ಸುತ್ತಿಗೆ, ಬಿಳಿ ಮನೆಗಳು ಏಳು, ಕರಿ ಮನೆಗಳು ಐದು; ಎಡದಿಂದ ಎಣಿಸಿ ಕರಿ 1, ಬಿಳಿ 2 ಎನ್ನುವುದು ರೂಢಿ. ನಮ್ಮ ಕಡೆಯ ಗಂಡಸರು ಸಾಮಾನ್ಯವಾಗಿ ಕರಿ 1 ಅಥವಾ ಬಿಳಿ 2ರಲ್ಲಿ ಷಡ್ಜ ಇಟ್ಟುಕೊಂಡು ಹಾಡುತ್ತಾರೆ. ಹೆಂಗಸರು ಕರಿ 4, ಕರಿ 5ರ ಸುತ್ತ ಇಟ್ಟುಕೊಳ್ಳುತ್ತಾರೆ. ಎರಡು ಗುಂಪನ್ನು ಕೂಡಿಸಿದಾಗ "ನಿಮ್ಮ ಶ್ರುತಿಯೋ, ನಮ್ಮ ಶ್ರುತಿಯೋ" ಎಂಬ ಎಳೆದಾಟ ಶುರುವಾಗುತ್ತದೆ. ಗಂಡಸರ ಶ್ರುತಿಗೆ ಹಾಡಿದರೆ ಹೆಂಗಸರ ದನಿ ಕೆಳಗೆ ಮುಳುಗುತ್ತದೆ. ಹೆಂಗಸರ ಶ್ರುತಿಗೆ ಹಾಡಿದರೆ ಗಂಡಸರು ಚರಣದಲ್ಲಿ ಕೂಗುತ್ತಾರೆ.

ಈ ಎಳೆದಾಟ ಬಿಟ್ಟು ಹಾಡನ್ನು ನೋಡಿ. ಆ ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನ ಸ್ವರ ಯಾವುದು? ಪಳಗದ ಹೆಣ್ಣು ದನಿ ಹಿತವಾಗಿ ಓಡಾಡುವುದು ಪೇಟಿಯ ಕೆಳಗಿನ ಸಪ್ತಕದ ಬಿಳಿ 6ರ ಆಸುಪಾಸಿನಿಂದ, ನಡುವಿನ ಸಪ್ತಕ ದಾಟಿ, ಮೇಲಿನ ಸಪ್ತಕದ ಬಿಳಿ 1ರವರೆಗೆ ಅಥವಾ ಸ್ವಲ್ಪ ಮೇಲಕ್ಕೆ. ಗಂಡು ದನಿಗೆ ಹೆಚ್ಚುಕಡಿಮೆ ಅದೇ ಜಾಗ ಒಂದು ಸಪ್ತಕ ಕೆಳಗೆ ಸಿಗುತ್ತದೆ. ಅಂದರೆ ಇಬ್ಬರೂ ಅದೇ ಸ್ವರಗಳನ್ನು, ಒಂದು ಸಪ್ತಕದ ಅಂತರದಲ್ಲಿ ಹಾಡಬಹುದು. ಕಿವಿಗೆ ಅದು ಒಂದೇ ಹಾಡಾಗಿ ಕೇಳುತ್ತದೆ.

ಹಾಡು ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ (ನಡುವಿನ "ಸ"ದಿಂದ ಮೇಲಿನ "ಸ"ವರೆಗೆ) ಮಾತ್ರ ಹೋಗುವುದಾದರೆ ಷಡ್ಜವನ್ನು ಕರಿ 5ಕ್ಕೆ ಇಡಿ. ಕೆಳಗೆ ಮಂದ್ರ ಪಂಚಮದವರೆಗೆ (ಕೆಳಗಿನ ಸಪ್ತಕದ "ಪ") ಇಳಿದು ಬರುವುದಾದರೆ ಕರಿ 1ಕ್ಕೆ ಇಡಿ. ಇವು ಶುರು ಮಾಡುವ ಜಾಗ ಅಷ್ಟೇ. ಹಾಡಿ ನೋಡಿ, ಒಂದು ಮನೆ ಅತ್ತಿತ್ತ ಸರಿಸಿಕೊಳ್ಳಿ. ಕೆಳಗೂ ಇಳಿದು, ತಾರ ಪಂಚಮಕ್ಕೂ ಏರುವ ಹಾಡಾದರೆ ಎಲ್ಲರೂ ಎಲ್ಲವನ್ನೂ ಹಾಡಲೇಬೇಕು ಎಂಬ ಹಟ ಬೇಡ. ಚರಣವನ್ನು ದನಿ ಏರುವ ನಾಲ್ಕು ಜನ ಹಾಡಲಿ, ಪಲ್ಲವಿಗೆ ಎಲ್ಲರೂ ಸೇರಿಕೊಳ್ಳಲಿ.

ತಬಲಾದವರನ್ನು ಮರೆಯಬೇಡಿ. ಒಂದು ತಬಲಾವನ್ನು ಒಂದೆರಡು ಮನೆಗಿಂತ ಜಾಸ್ತಿ ಏರಿಸಿ ಇಳಿಸಲು ಆಗುವುದಿಲ್ಲ. ಹಾಡಿಗೊಂದು ಶ್ರುತಿ ಬದಲಾಯಿಸಿದರೆ ಅವರ ಕಷ್ಟ ಹೇಳತೀರದು. ಕಾರ್ಯಕ್ರಮದಲ್ಲಿ ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಡಿ.

ವಾದ್ಯ ಏನೇನು ಬೇಕು?

ಒಂದು ಪೇಟಿ, ಒಂದು ಜೋಡಿ ತಾಳ. ಅಷ್ಟಿದ್ದರೆ ಶುರು ಮಾಡಬಹುದು. ತಬಲಾ ಇಲ್ಲದಿದ್ದರೆ ಢೋಲಕ್ ಅಥವಾ ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ) ಸಾಕು. ಅನುಭಾವಿಗಳ ತತ್ವಪದಕ್ಕಂತೂ ಏಕತಾರಿ, ದಮ್ಮಡಿ, ತಾಳ ಇದ್ದರೇ ಚೆಂದ. ಕೀಬೋರ್ಡ್, ರಿದಂ ಪ್ಯಾಡ್ ಬೇಡ ಎನ್ನುವವನು ನಾನು. ಅವು ಬಂದ ಕೂಡಲೇ ದನಿಗಳು ಹಿಂದೆ ಸರಿಯುತ್ತವೆ.

ಪೇಟಿಯನ್ನು ಎಲ್ಲ ಸಾಲಿಗೂ ನುಡಿಸುತ್ತಾ ಹೋಗಬೇಡಿ. ಆಗಾಗ ನಿಲ್ಲಿಸಿ, ಬರೀ ದನಿಯಲ್ಲಿ ಹಾಡಿಸಿ. ಹಾಡು ಮುಗಿದ ಮೇಲೆ ಷಡ್ಜ ಒತ್ತಿ ನೋಡಿ. ತಂಡ ಕೆಳಗೆ ಇಳಿದಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಕಲಿಸುವವರು ಎಲ್ಲಿ ಸಿಗುತ್ತಾರೆ?

ಮೊದಲು ನಿಮ್ಮ ಓಣಿಯಲ್ಲೇ ಹುಡುಕಿ. ಶಾಲೆಯ ಸಂಗೀತ ಶಿಕ್ಷಕರು, ನಿವೃತ್ತ ಮೇಷ್ಟ್ರು, ಚರ್ಚಿನಲ್ಲಿ ಹಾಡಿಸುವವರು, ಮಂಡಳಿಯಲ್ಲಿ ಮುಂದೆ ಹೇಳುವವರು ಇದ್ದೇ ಇರುತ್ತಾರೆ. ನಮ್ಮ ಭಾಗದ ಮಠಗಳಲ್ಲಿ ಶ್ರಾವಣದ ಪುರಾಣಕ್ಕೆ ಬರುವ ಗವಾಯಿಗಳಿದ್ದಾರೆ. ಇವರಲ್ಲಿ ಅನೇಕರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆಶ್ರಮ ಅದು. ಕಣ್ಣು ಕಾಣದ ಎಷ್ಟೋ ಮಕ್ಕಳು ಅಲ್ಲಿ ಹಾಡಿನಲ್ಲೇ ಬದುಕು ಕಂಡುಕೊಂಡರು. ಕಿವಿಯಿಂದ ಕಿವಿಗೆ ಹಾಡು ದಾಟಿಸುವುದು ಅವರಿಗೆ ಚೆನ್ನಾಗಿ ಗೊತ್ತು, ತಂಡಕ್ಕೆ ಬೇಕಾಗಿರುವುದೂ ಅದೇ.

ಕಲಿಸುವವರಿಗೆ ಗೌರವಧನ ಕೊಡಿ. ಶಾಲು ಹೊದಿಸಿ ಕೈಮುಗಿದರೆ ಅವರ ಮನೆ ನಡೆಯುವುದಿಲ್ಲ. ಕಡಿಮೆಯೇ ಆಗಲಿ, ತಿಂಗಳು ತಿಂಗಳು ತಪ್ಪದೆ ಕೊಡಿ. ಬಸ್ಸಿನ ಖರ್ಚು ಬೇರೆ.

ಯಾವ ಹಾಡುಗಳನ್ನು ಆರಿಸಿಕೊಳ್ಳಬೇಕು?

ತತ್ವಪದದಿಂದ ಶುರು ಮಾಡಿ. ನಮ್ಮ ನೆಲದ್ದು ಎಂಬ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ತತ್ವಪದದಲ್ಲಿ ಒಂದು ಪಲ್ಲ (ಪಲ್ಲವಿ), ಆಮೇಲೆ ನುಡಿಗಳು (ಚರಣಗಳು). ಒಬ್ಬರು ನುಡಿ ಹೇಳುತ್ತಾರೆ, ಪಲ್ಲಕ್ಕೆ ಎಲ್ಲರೂ ಸೇರುತ್ತಾರೆ. ಗುಂಪಿನಲ್ಲಿ ಹಾಡಲೆಂದೇ ಬೆಳೆದ ಹಾಡು ಅದು. ಹೊಸಬರು ಪಲ್ಲ ಕಲಿತರೆ ಮೊದಲ ದಿನವೇ ಹಾಡಿನೊಳಗೆ ಬಂದುಬಿಡುತ್ತಾರೆ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬರಂಥವರು ಬಿಟ್ಟುಹೋದ ಪದಗಳು ಇಂದಿಗೂ ಹಳ್ಳಿಗಳ ಏಕತಾರಿಯಲ್ಲಿವೆ. ಒಬ್ಬ ಗುರು, ಬೇರೆ ಬೇರೆ ಜಾತಿ ಧರ್ಮದ ಶಿಷ್ಯರು, ಎಲ್ಲರದ್ದೂ ಪದ ರಚನೆ. ಬಡಾವಣೆಯ ತಂಡಕ್ಕೆ ಇದಕ್ಕಿಂತ ಒಳ್ಳೆಯ ಹಿರಿಯರು ಸಿಗಲಾರರು. ಪದಗಳನ್ನು ಪುಸ್ತಕದಿಂದ ಎತ್ತಿಕೊಳ್ಳುವ ಮುಂಚೆ ಹಳ್ಳಿಗೆ ಹೋಗಿ, ಹಾಡುವವರ ಬಾಯಲ್ಲಿ ಕೇಳಿ. ಧಾಟಿ ಅಲ್ಲಿ ಸಿಗುತ್ತದೆ.

ವಚನ ಬೇರೆ ಥರ. 12ನೇ ಶತಮಾನದ ಆ ಮಾತುಗಳಿಗೆ ಪಲ್ಲವಿ, ಚರಣ ಎಂಬ ಕಟ್ಟು ಇಲ್ಲ. ಹಾಡಿಗೆ ಕೂರಿಸುವವರು ಒಂದು ಸಾಲನ್ನು ಆರಿಸಿ ಅದನ್ನೇ ಪಲ್ಲವಿಯ ಹಾಗೆ ಮತ್ತೆ ಮತ್ತೆ ತರುತ್ತಾರೆ. ಯಾವ ಸಾಲು ಆರಿಸಿದರು ಎಂಬುದರ ಮೇಲೆ ವಚನದ ಒತ್ತು ಬದಲಾಗುತ್ತದೆ. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಶರಣರು ಕೂತು ಮಾತಾಡಿದ ನೆಲ ಅದು. ಆದ್ದರಿಂದ ವಚನ ಹಾಡುವಾಗ ಸ್ವರದ ಕಸರತ್ತಿಗಿಂತ ಮಾತು ಕೇಳಿಸುವುದು ಮುಖ್ಯ ಎಂದು ನಾನು ಹಟ ಹಿಡಿಯುತ್ತೇನೆ. ಕೊನೆಯ ಸಾಲಿನಲ್ಲಿ ಕೂತವರಿಗೂ ಪ್ರತಿ ಪದ ತಲುಪಬೇಕು. ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು, ಬಂದಾಗ ಅವಸರ ಮಾಡಬಾರದು.

ಇವುಗಳ ಜೊತೆಗೆ ಬೀಸುವ ಪದ, ಸೋಬಾನೆ, ಕೋಲಾಟದ ಪದ, ರಿವಾಯತ್, ದಾಸರ ಪದಗಳನ್ನು ಸೇರಿಸಿಕೊಳ್ಳಿ. ಹುಮನಾಬಾದ ಹತ್ತಿರದ ಮಾಣಿಕನಗರದ ಮಾಣಿಕಪ್ರಭುಗಳು ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪದ ರಚಿಸಿದವರು. ಅವರ ಸಂಸ್ಥಾನದಲ್ಲಿ ದತ್ತ ಜಯಂತಿಯ ಹೊತ್ತಿಗೆ ಸಂಗೀತ ನಡೆಯುತ್ತದೆ. ಬೀದರ್ ಕಡೆಯ ತಂಡದವರು ಅಲ್ಲಿಗೆ ಒಮ್ಮೆ ಎಲ್ಲರೂ ಕೂಡಿ ಹೋಗಿ ಬನ್ನಿ.

ನಾಡಗೀತೆಯನ್ನು ಮಾತ್ರ ತಪ್ಪದೆ ಕಲಿತಿಡಿ. ನವೆಂಬರ್ 1ಕ್ಕೂ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ಮೊದಲು ಕೇಳುವುದೇ ಅದನ್ನು. 2022ರಲ್ಲಿ ಸರಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಹೇಳಿದೆ. ಆಲಾಪ ಬೇಡ, ಸಾಲುಗಳನ್ನು ಬೇಕಾದಷ್ಟು ಸಲ ತಿರುಗಿಸುವುದೂ ಬೇಡ. ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ.

ಚರ್ಚಿನ ಹಾಗೆ ಬೇರೆ ಬೇರೆ ದನಿಯಲ್ಲಿ ಹಾಡಬಹುದೇ?

ಹಾಡಬಹುದು, ಅವಸರ ಬೇಡ. ಚರ್ಚಿನ ಗಾಯನವೃಂದದಲ್ಲಿ ಹೆಂಗಸರ ಮೇಲಿನ ದನಿ, ಕೆಳಗಿನ ದನಿ, ಗಂಡಸರ ಮೇಲಿನ ದನಿ, ಕೆಳಗಿನ ದನಿ ಎಂದು ನಾಲ್ಕು ಪಾಲು ಮಾಡಿಕೊಂಡು ಹಾಡುವ ರೂಢಿ ಇದೆ. ಬೀದರಿನ ಮೆಥೋಡಿಸ್ಟ್ ಚರ್ಚುಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕೂತು ಕೇಳಿ ಬನ್ನಿ. ನಾಲ್ಕು ಪಾಲು ಬರುವ ಮುಂಚೆ ಸುಲಭದ ದಾರಿಗಳಿವೆ. ಅರ್ಧ ಜನ ಷಡ್ಜ, ಪಂಚಮ ಹಿಡಿದು ತಂಬೂರಿಯ ಹಾಗೆ ನಿಲ್ಲಲಿ, ಉಳಿದರ್ಧ ಹಾಡಲಿ. ಅದು ಕೂತ ಮೇಲೆ ಒಂದು ಗುಂಪು ಶುರು ಮಾಡಿದ ಸಾಲನ್ನು ಇನ್ನೊಂದು ಗುಂಪು ಸ್ವಲ್ಪ ತಡೆದು ಎತ್ತಿಕೊಳ್ಳಲಿ.

ರಾಗದ ಹಾಡಿಗೆ ಪಕ್ಕದ ದನಿ ಕಟ್ಟುವಾಗ ಎಚ್ಚರ ಬೇಕು. ರಾಗದಲ್ಲಿ ಇಲ್ಲದ ಸ್ವರ ಒಂದು ಬಂದರೂ ರಾಗ ಕೆಡುತ್ತದೆ. ತೋಡಿಯಂಥ ರಾಗದ ವಚನವನ್ನು ಅದರ ಪಾಡಿಗೆ ಬಿಡಿ.

ಕವಿಗಳ ಗೀತೆ ಹಾಡಲು ಅನುಮತಿ ಬೇಕೇ?

ವಚನ, ದಾಸರ ಪದ, ಹಳೆಯ ತತ್ವಪದಗಳ ಸಾಹಿತ್ಯಕ್ಕೆ ಹಕ್ಕಿನ ಪ್ರಶ್ನೆಯೇ ಇಲ್ಲ. ಈಚಿನ ಕವಿಗಳ ವಿಷಯ ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಹೋದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಕುವೆಂಪು ಅವರು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಧಾಟಿ ಕಟ್ಟಿದವರ ಹಕ್ಕು ಬೇರೆ ಇರುತ್ತದೆ. ಹಳೆಯ ವಚನಕ್ಕೆ ಹೊಸಬರು ಕೂರಿಸಿದ ರಾಗ ಅವರದ್ದೇ.

ಇಷ್ಟು ಕೇಳಿ ಹೆದರಬೇಡಿ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ, ದುಡ್ಡು ಕೊಡದ ಕೇಳುಗರ ಎದುರು ಹಾಡಿದರೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಧಾರ್ಮಿಕ ಸಂಸ್ಥೆಯ ಸಹಾಯಕ್ಕೆಂದು ಹಾಡಿದರೂ ಇದೆ. ಆದರೆ ಅದೇ ಹಾಡನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಈ ವಿನಾಯಿತಿ ಸಿಗುವುದಿಲ್ಲ. ಹಾಕುವ ಮುಂಚೆ ಹಕ್ಕುದಾರರನ್ನು ಕೇಳಿ. ಕಾನೂನು ಏನೇ ಹೇಳಲಿ, ಹಾಡುವ ಮುಂಚೆ ಕವಿಯ ಹೆಸರನ್ನೂ ಧಾಟಿ ಕಟ್ಟಿದವರ ಹೆಸರನ್ನೂ ಹೇಳಿ.

ಒಬ್ಬರು ಶ್ರುತಿ ತಪ್ಪಿ ಜೋರಾಗಿ ಹಾಡುತ್ತಾರೆ. ಹೇಗೆ ಹೇಳುವುದು?

ಎಲ್ಲರ ಎದುರು ಹೇಳಬೇಡಿ. ಕೂರುವ ಜಾಗ ಬದಲಾಯಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಜೋರು ದನಿಯವರನ್ನು ಹಿಂದಿನ ಸಾಲಿಗೆ ಕೂರಿಸಿ. ಶ್ರುತಿ ತಪ್ಪುವವರನ್ನು ಗಟ್ಟಿಯಾಗಿ ಶ್ರುತಿ ಹಿಡಿಯುವ ಇಬ್ಬರ ನಡುವೆ ಕೂರಿಸಿ. ವೃತ್ತದಲ್ಲಿ ಕೂತರೆ ಒಬ್ಬರ ದನಿ ಒಬ್ಬರಿಗೆ ಚೆನ್ನಾಗಿ ಕೇಳುತ್ತದೆ. ಮೂರನೆಯದಾಗಿ, ಇಡೀ ತಂಡವನ್ನೇ ಮೆಲುದನಿಯಲ್ಲಿ ಹಾಡಿಸಿ. ಮೆಲ್ಲಗೆ ಹಾಡುವಾಗ ತಮ್ಮ ತಪ್ಪು ತಮಗೇ ಗೊತ್ತಾಗುತ್ತದೆ. ಇಷ್ಟಾದರೂ ಆಗದಿದ್ದರೆ ಅಭ್ಯಾಸ ಮುಗಿದ ಮೇಲೆ "ಕಾಕಾ, ಒಂದೈದು ನಿಮಿಷ ಕೂತು ಹೋಗ್ರಿ, ಇಬ್ಬರೂ ಕೂಡಿ ಹಾಡೂಣು" ಎಂದು ಕರೆಯಿರಿ.

ಮೈಕ್ ಎಷ್ಟು ಬೇಕು?

ಶಾಲೆಯ ಕೋಣೆಯಲ್ಲಿ, ಮಠದ ಪಡಸಾಲೆಯಲ್ಲಿ ಮೈಕ್ ಬೇಡವೇ ಬೇಡ. ದೊಡ್ಡ ಸಭೆಯಾದರೆ ತಂಡದ ಮುಂದೆ ಸ್ವಲ್ಪ ದೂರದಲ್ಲಿ ಎರಡು, ಪೇಟಿಗೆ ಒಂದು, ತಬಲಾಕ್ಕೆ ಒಂದು. ಒಬ್ಬೊಬ್ಬರ ಕೈಗೂ ಒಂದೊಂದು ಮೈಕ್ ಕೊಟ್ಟರೆ ಹತ್ತು ಜನರ ಹತ್ತು ಹಾಡಾಗುತ್ತದೆ. ವಾರಗಟ್ಟಲೆ ಕೂಡಿಸಿದ ದನಿಗಳನ್ನು ಸೌಂಡ್ ಸಿಸ್ಟಮ್‌ನವರು ಮತ್ತೆ ಬಿಡಿಸಿ ಹಾಕಿದಂತೆ ಅದು. ಹಾಡುವ ಮುಂಚೆ ಅವರ ಜೊತೆ ಕೂತು ಮಾತಾಡಿ. ಪ್ರತಿಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಲು ಹೇಳಿ.

ಹೊರಗೆ ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಪರೀಕ್ಷೆ ಕಾಲದಲ್ಲಿ ಪಕ್ಕದ ಮನೆಯ ಮಕ್ಕಳನ್ನು ನೆನಪಿಡಿ.

ದುಡ್ಡಿನ ವ್ಯವಸ್ಥೆ ಹೇಗೆ? ಸಂಘ ನೋಂದಣಿ ಮಾಡಿಸಬೇಕೇ?

ಮೊದಲ ವರ್ಷ ನೋಂದಣಿಯ ಗೊಡವೆಗೆ ಹೋಗಬೇಡಿ. ಸಣ್ಣ ತಿಂಗಳ ವಂತಿಗೆ ಇಟ್ಟುಕೊಳ್ಳಿ. ಕೊಡಲಾಗದವರಿಗೆ ಬೇಡ ಎನ್ನಿ, ಯಾರು ಕೊಡುತ್ತಿಲ್ಲ ಎಂಬುದು ಲೆಕ್ಕ ಇಡುವವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯಬಾರದು. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಎದುರು ಓದಿ ಹೇಳಿ. ಲೆಕ್ಕ ಮುಚ್ಚಿಟ್ಟಲ್ಲಿ ಸಂಶಯ ಬೆಳೆಯುತ್ತದೆ.

ತಂಡ ಗಟ್ಟಿಯಾದ ಮೇಲೆ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು, ಸರಕಾರದ ನೆರವು ಕೇಳಬೇಕು ಎನಿಸಿದರೆ ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸದಸ್ಯರು ಬೇಕು. ಸಂಘದ ಉದ್ದೇಶ, ನಿಯಮಗಳನ್ನು ಬರೆದು ಕೊಡಬೇಕು. ನೋಂದಣಿ ಆದ ಮೇಲೆ ವರ್ಷ ವರ್ಷ ಸಾಮಾನ್ಯ ಸಭೆ ಕರೆದು, ಲೆಕ್ಕ ಪರಿಶೋಧನೆ ಮಾಡಿಸಿ ಸಲ್ಲಿಸಬೇಕು. ಇಷ್ಟು ಕಾಗದದ ಕೆಲಸ ಮಾಡಲು ಒಬ್ಬರು ಒಪ್ಪಿಕೊಂಡ ಮೇಲೆಯೇ ಮುಂದುವರಿಯಿರಿ. ನೆರವಿನ ಬಗ್ಗೆ, ಕಾರ್ಯಕ್ರಮದ ಬಗ್ಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಹಾಡಲು ವೇದಿಕೆ ಎಲ್ಲಿ ಸಿಗುತ್ತದೆ?

ಕಲಬುರಗಿಯಲ್ಲಿ ಎಸ್.ಎಂ. ಪಂಡಿತ ರಂಗಮಂದಿರ ಇದೆ. ಬೀದರಿನಲ್ಲಿ ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರ ಇದೆ. ಹೋಳಿಯಾದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ, ಊರೂರಿನ ಬಸವ ಜಯಂತಿ, ಸಾಹಿತ್ಯ ಪರಿಷತ್ತಿನ ಸಮ್ಮೇಳನಗಳಿವೆ. ಕಲಬುರಗಿ ಆಕಾಶವಾಣಿಯೂ ಇದೆ. ಅಲ್ಲಿ ಹಾಡಲು ಧ್ವನಿ ಪರೀಕ್ಷೆ ಕೊಡಬೇಕಾಗುತ್ತದೆ.

ಆದರೆ ನನ್ನನ್ನು ಕೇಳಿದರೆ ಮೊದಲ ವೇದಿಕೆ ನಿಮ್ಮ ಬಡಾವಣೆಯ ಉದ್ಯಾನವೇ ಆಗಲಿ. ಆಮೇಲೆ ವೃದ್ಧಾಶ್ರಮ, ಹಾಸ್ಟೆಲ್, ಆಸ್ಪತ್ರೆಯ ಆವರಣ. ದೊಡ್ಡ ವೇದಿಕೆಯಲ್ಲಿ ಭಾಷಣಗಳ ನಡುವೆ ಎರಡು ಹಾಡಿಗೆ ಮೂರು ತಾಸು ಕಾಯಿಸುತ್ತಾರೆ. ಉದ್ಯಾನದಲ್ಲಿ ವಾಕಿಂಗ್ ಬಂದವರು ನಿಂತು ಕೇಳುತ್ತಾರೆ, ನಾಲ್ಕು ಜನ ಮುಂದಿನ ವಾರ ತಂಡಕ್ಕೆ ಸೇರುತ್ತಾರೆ. ಕಾರ್ಯಕ್ರಮಕ್ಕೆ ಹೋಗುವಾಗ "ಚೆನ್ನಾಗಿ ಹಾಡುವವರು ಮಾತ್ರ ಬನ್ನಿ" ಎಂದು ಎಂದೂ ಹೇಳಬೇಡಿ. ಅಭ್ಯಾಸಕ್ಕೆ ಬಂದವರೆಲ್ಲ ವೇದಿಕೆಗೂ ಬರಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಗಂಟಲು ಕಾಪಾಡಿಕೊಳ್ಳುವುದು ಹೇಗೆ?

ನೀರು ಕುಡಿಯಿರಿ, ಕೂಗಬೇಡಿ. ತಂಡದಲ್ಲಿ ಶಿಕ್ಷಕರಿದ್ದರೆ ದಿನವಿಡೀ ಪಾಠ ಮಾಡಿ ಗಂಟಲು ಸೋತಿರುತ್ತದೆ, ಅವರು ಮೆಲ್ಲಗೆ ಹಾಡಲಿ. ನೆಗಡಿ ಇದ್ದರೆ ಬಂದು ಕೂತು ಕೇಳಿ, ಹಾಡಬೇಡಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ಕಿವಿ, ಮೂಗು, ಗಂಟಲಿನ ಡಾಕ್ಟರರಿಗೆ ತೋರಿಸಿ.

ನಮ್ಮ ಬಡಾವಣೆಯಲ್ಲಿ ತಂಡವೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಹಾಡಲು ಇಷ್ಟಪಡುವ ಇಬ್ಬರನ್ನು ಹುಡುಕಿ, ಜಮಖಾನೆ ಹಾಸಿ. ಪೇಟಿ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಹಚ್ಚಿ. ಕಿರಾಣಿ ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ ಒಂದು ಕೈಬರಹದ ಚೀಟಿ ಅಂಟಿಸಿ: ಯಾವ ದಿನ, ಎಷ್ಟು ಗಂಟೆ, ಎಲ್ಲಿ. ಕೆಳಗೆ "ಹಾಡಲು ಬರದವರೂ ಬನ್ನಿ" ಎಂದು ದೊಡ್ಡದಾಗಿ ಬರೆಯಿರಿ. ಎಲ್ಲರಿಗೂ ಗೊತ್ತಿರುವ ಒಂದು ಪಲ್ಲವನ್ನು ಮೊದಲ ದಿನಕ್ಕೆ ಆರಿಸಿಟ್ಟುಕೊಳ್ಳಿ.